ಬೀಸೂ ಹೊಡೆತವೂ

ಕನ್ನಡದ ‘ಬೀಸು’ ಎಂಬ ಧಾತುವಿನ ಅರ್ಥವ್ಯಾಪ್ತಿಯು ವಿಚಾರಾರ್ಹವಾದುದು. ಗಾಳಿಯು ಬೀಸುತ್ತದೆ; ಬೆಸ್ತನು ಬಲೆಯನ್ನು ಬೀಸುತ್ತಾನೆ; ಸೆಕೆಯಲ್ಲಿ ಬಂದ ಅತಿಥಿಗೆ ಬೀಸಣಿಗೆಯನ್ನು ಬೀಸುತ್ತಾರೆ; ಗೃಹಿಣಿಯು ಕಲ್ಲಿನಲ್ಲಿ ಜೋಳವನ್ನು ಬೀಸುತ್ತಾಳೆ. ಈ ಕ್ರಿಯೆಗಳೆಲ್ಲಕ್ಕೂ ಸಮಾನಧರ್ಮವೊಂದುಂಟು. ಆದಿಯಿಂದ ಅಂತ್ಯದವರೆಗೆ ಎಲ್ಲಿಯೂ ಕಡಿಯದ ಅಖಂಡ ಚಲನೆಯೇ ಅದು. ‘ಹೊಡೆ’ ಎಂಬ ಧಾತುವಾದರೋ ಹಾಗಲ್ಲ. ಹೊಡೆತವು ಒಂದು ಬಿಂದುವಿನಲ್ಲಿ ಮುಗಿದುಹೋಗುತ್ತದೆ. ಅದರ ಲಕ್ಷ್ಯವೆಲ್ಲ ತಾಗುವ ವಸ್ತುವಿನ ಮೇಲೆಯೇ ಇರುತ್ತದೆ. ಒಂದು ಕಾರ್ಯವನ್ನು ಬೀಸಿ ಸಾಧಿಸಬೇಕೋ ಹೊಡೆದು ಸಾಧಿಸಬೇಕೋ ಎಂಬುದು ಮೇಲ್ನೋಟಕ್ಕೆ ಕೈಚಳಕದ ಪ್ರಶ್ನೆಯಾಗಿ ತೋರಿದರೂ, ಒಳಹೊಕ್ಕು ನೋಡಿದರೆ ಮನುಷ್ಯನು ತನ್ನ ಶಕ್ತಿಯನ್ನು ಹೇಗೆ ವಿನಿಯೋಗಿಸಬೇಕೆಂಬ ಧರ್ಮಪ್ರಶ್ನೆಯೇ ಆಗಿದೆ.

ಈ ವಿವಾದವು ಅತ್ಯಂತ ಸ್ಪಷ್ಟವಾಗಿ ಕಾಣಿಸಿಕೊಂಡಿರುವುದು ಗಾಲ್ಫ್ ಎಂಬ ಆಟದಲ್ಲಿ. 1876ರಲ್ಲಿ ಸ್ಥಾಪಿತವಾದ ಬೆಂಗಳೂರು ಗಾಲ್ಫ್ ಕ್ಲಬ್ಬಿನ ಮೂಲಕ ಕನ್ನಡ ನಾಡಿಗೆ ಇದರ ಪರಿಚಯ ಬಹುಕಾಲದ್ದಾದರೂ, ಯಾದಗಿರಿ ಜಿಲ್ಲೆಯ ಶಹಾಪುರ ಸೀಮೆಯ ಮನೆಗಳಿಗೆ ಅದು ಪತ್ರಿಕೆಗಳಲ್ಲಿ ಓದಿದ ಆಟವೇ ಸರಿ. 46 ಗ್ರಾಮಿಗೆ ಮೀರದ ಚಿಕ್ಕ ಚೆಂಡೊಂದನ್ನು ಉದ್ದನೆಯ ದಾಂಡಿನಿಂದ ದೂರಕ್ಕೆ ಕಳುಹಿಸಿ, ಕಡಿಮೆ ಸಂಖ್ಯೆಯ ಏಟುಗಳಲ್ಲಿ ಕುಳಿಗೆ ಸೇರಿಸುವುದಷ್ಟೇ ಆಟ. ಚಿನ್ನಿದಾಂಡಿನಲ್ಲಿ ಚಿನ್ನಿಯು ಮೇಲಕ್ಕೆ ಚಿಮ್ಮುತ್ತದೆ. ಕ್ರಿಕೆಟ್ಟಿನಲ್ಲಿ ಎದುರಾಳಿಯು ಚೆಂಡನ್ನು ಎಸೆಯುತ್ತಾನೆ. ಗಾಲ್ಫಿನಲ್ಲಿಯಾದರೋ ಚೆಂಡು ನೆಲದ ಮೇಲೆ ನಿಶ್ಚಲವಾಗಿ ಬಿದ್ದಿರುತ್ತದೆ. ಆಟಗಾರನನ್ನು ಯಾರೂ ಅವಸರಪಡಿಸುವುದಿಲ್ಲ, ಯಾರೂ ಕೆಣಕುವುದಿಲ್ಲ. ಆದುದರಿಂದ ಅಲ್ಲಿ ಉಂಟಾಗುವ ಅವಸರವೂ ಕೋಪವೂ ಸ್ವಯಂಕೃತವಾದವುಗಳೇ ಹೊರತು ಬೇರೆಯಲ್ಲ.

ಈ ವಿಷಯದಲ್ಲಿ ಮೊದಲು ಪೂರ್ವಪಕ್ಷವನ್ನು ಕೇಳೋಣ. ಬಲವಿಲ್ಲದೆ ದೂರವಿಲ್ಲ, ದೂರವಿಲ್ಲದೆ ಜಯವಿಲ್ಲ ಎಂಬುದು ಬಲವಾದಿಗಳ ಮತ. ಇದು ನಿರಾಧಾರವಾದುದಲ್ಲ. ಬ್ರೈಸನ್ ಡಿಶಾಂಬೊ ಎಂಬ ಅಮೆರಿಕದ ಆಟಗಾರನು ವ್ಯಾಯಾಮದಿಂದಲೂ ಆಹಾರದಿಂದಲೂ ಮೈಯನ್ನು ಬೆಳೆಸಿಕೊಂಡು, ಪ್ರಚಂಡವಾದ ಏಟುಗಳಿಂದಲೇ 2020ರ ಅಮೆರಿಕನ್ ಓಪನ್ ಪಂದ್ಯವನ್ನು ಆರು ಏಟುಗಳ ಅಂತರದಿಂದ ಗೆದ್ದನು. ಚಲಿಸುವ ವಸ್ತುವಿನ ಶಕ್ತಿಯು ಅದರ ವೇಗದ ವರ್ಗಕ್ಕನುಸಾರವಾಗಿ ಹೆಚ್ಚುವುದೆಂದು ಭೌತವಿಜ್ಞಾನವೂ ಹೇಳುತ್ತದೆ. ಹೀಗಿರುವಲ್ಲಿ ‘ಮೆಲ್ಲಗೆ ಬೀಸು’ ಎಂಬ ಉಪದೇಶವು ದುರ್ಬಲರು ತಮ್ಮ ಸಮಾಧಾನಕ್ಕಾಗಿ ಕಲ್ಪಿಸಿಕೊಂಡದ್ದೆಂದು ಯಾರಾದರೂ ಆಕ್ಷೇಪಿಸಿದರೆ ಆಶ್ಚರ್ಯವಿಲ್ಲ.

ಇದಕ್ಕೆ ಉತ್ತರವಾಗಿ ಅರ್ನೆಸ್ಟ್ ಜೋನ್ಸ್ ಎಂಬಾತನ ವೃತ್ತಾಂತವನ್ನು ನೆನೆಯಬಹುದು. ಇಂಗ್ಲೆಂಡಿನ ಈ ವೃತ್ತಿಪರ ಆಟಗಾರನು 1916ರಲ್ಲಿ, ಮೊದಲನೆಯ ಮಹಾಯುದ್ಧದ ಕಾಲದಲ್ಲಿ, ಫ್ರಾನ್ಸಿನ ರಣರಂಗದಲ್ಲಿ ಬಲಗಾಲನ್ನು ಮೊಣಕಾಲಿನ ಕೆಳಗೆ ಕಳೆದುಕೊಂಡನು. ಆದರೆ ಉಳಿದ ಒಂದೇ ಕಾಲಿನ ಮೇಲೆ ನಿಂತು ಆಡಿದಾಗಲೂ ಆತನ ಆಟವು ಕೆಡಲಿಲ್ಲ. ದೇಹಬಲವೇ ಮುಖ್ಯವೆಂಬ ನಂಬಿಕೆಯು ಆತನಲ್ಲಿ ಅಂದೇ ಸಡಿಲಿತು. ಮುಂದೆ ಅಮೆರಿಕದಲ್ಲಿ ನೆಲಸಿ, ಕಲಿಯಲು ಬಂದವರೆದುರಿಗೆ ಕರವಸ್ತ್ರದ ತುದಿಗೆ ಚಿಕ್ಕ ಚೂರಿಯೊಂದನ್ನು ಕಟ್ಟಿ ಬೀಸಿ ತೋರಿಸುತ್ತಿದ್ದನು. ಬೀಸಿದಾಗ ವಸ್ತ್ರವು ಬಿಗಿಯಾಗಿ ನಿಂತು ಚೂರಿಯು ಕೈಯನ್ನು ಅನುಸರಿಸುತ್ತದೆ. ಅವಸರದಿಂದ ನೂಕಿದರೆ ವಸ್ತ್ರವು ಜೋಲುಬಿದ್ದು ಚೂರಿಯು ದಿಕ್ಕುಗೆಡುತ್ತದೆ. ಬಟ್ಟೆಯ ಮೂಲಕ ಯಾರೂ ಹೊಡೆಯಲಾರರು; ಬೀಸಬಹುದಷ್ಟೇ ಎಂಬುದು ಆ ಪಾಠದ ತಾತ್ಪರ್ಯ.

ದೋರನಹಳ್ಳಿಯಂತಹ ಊರಿನ ಹಿರಿಯರಿಗೆ ಈ ಪಾಠವು ಹೊಸದಾಗಿ ತೋರದು. ಏಕೆಂದರೆ ಆ ವಸ್ತ್ರವೂ ಚೂರಿಯೂ ಕವಣೆಯ ರೂಪಾಂತರಗಳೇ ಆಗಿವೆ. ಜೋಳದ ತೆನೆಯಲ್ಲಿ ಹಾಲು ತುಂಬಿ, ಸೀತನಿಯ ಕಾಲ ಹತ್ತಿರವಾದಾಗ ಹಕ್ಕಿಗಳ ಹಿಂಡು ಹೊಲಕ್ಕೆ ಇಳಿಯುತ್ತದೆ. ಆಗ ಅಟ್ಟದ ಮೇಲೆ ನಿಂತ ಕಾವಲಿನ ಹುಡುಗನು ಕವಣೆಯಲ್ಲಿ ಕಲ್ಲಿಟ್ಟು ಬೀಸುತ್ತಿದ್ದನು. ಅವನ ತೋಳು ಸಣ್ಣದು. ಕಲ್ಲು ಮಾತ್ರ ಹೊಲದ ಆಚೆಯ ಬದುವಿಗೆ ಹೋಗಿ ಬೀಳುತ್ತಿದ್ದಿತು. ಬಲಿಷ್ಠನಾದವನು ರೋಷದಿಂದ ಕೈಯನ್ನು ಜಗ್ಗಿದರೆ ಅದೇ ಕಲ್ಲು ಅವನ ಕಾಲ ಬಳಿಯಲ್ಲಿಯೇ ಬೀಳಬಹುದು.

ಇದರ ಕಾರಣವು ಸೂಕ್ಷ್ಮವಾಗಿದೆ. ಗಾಲ್ಫಿನ ದಾಂಡಿಗೂ ಚೆಂಡಿಗೂ ಇರುವ ಸ್ಪರ್ಶವು ಒಂದು ಸೆಕೆಂಡಿನ ಸುಮಾರು ಎರಡು ಸಾವಿರದಲ್ಲೊಂದು ಪಾಲು ಮಾತ್ರ. ತಾಗಿತೆಂಬ ಸುದ್ದಿಯು ಕೈಯಿಂದ ಮಿದುಳಿಗೆ ಮುಟ್ಟುವ ಮೊದಲೇ ಚೆಂಡು ಹೊರಟುಹೋಗಿರುತ್ತದೆ. ಎಂದರೆ, ಯಾವ ಕ್ಷಣದಲ್ಲಿ ‘ನಾನು ಹೊಡೆಯುತ್ತಿದ್ದೇನೆ’ ಎಂದು ಮನುಷ್ಯನು ಭಾವಿಸುವನೋ ಆ ಕ್ಷಣದಲ್ಲಿ ಅವನು ಮಾಡಬಹುದಾದುದು ಏನೂ ಇಲ್ಲ. ಮಾಡಬೇಕಾದುದೆಲ್ಲವೂ ಅದಕ್ಕೆ ಮೊದಲೇ, ದಾಂಡನ್ನು ಹಿಂದಕ್ಕೆ ಎತ್ತಿ ಮುಂದಕ್ಕೆ ಬಿಡುವ ಆ ದೀರ್ಘ ಚಲನೆಯಲ್ಲಿಯೇ, ಆಗಿಹೋಗಿರಬೇಕು. ಕೊನೆಗಳಿಗೆಯಲ್ಲಿ ಬಲವನ್ನು ತುಂಬಲು ಹೊರಟವನ ಸ್ನಾಯುಗಳು ಬಿಗಿದುಕೊಂಡು ಒಂದಕ್ಕೊಂದು ಪ್ರತಿಕೂಲವಾಗುತ್ತವೆ. ಹೆಚ್ಚಿಸಬೇಕೆಂದ ವೇಗವೇ ಕುಗ್ಗುತ್ತದೆ.

ಹಿಡಿತದ ವಿಷಯವೂ ಹೀಗೆಯೇ. ವರ್ಣೋಚ್ಚಾರಣೆಯ ಕ್ರಮವನ್ನು ಹೇಳುವ ಪಾಣಿನೀಯ ಶಿಕ್ಷೆಯಲ್ಲಿ ಹೆಣ್ಣುಹುಲಿಯ ದೃಷ್ಟಾಂತವೊಂದಿದೆ. ಮರಿಯನ್ನು ಬಾಯಲ್ಲಿ ಕಚ್ಚಿ ಒಯ್ಯುವ ತಾಯಿಹುಲಿಗೆ ಅದು ಜಾರಿ ಬಿದ್ದೀತೆಂಬ ಭಯವೂ ಇದೆ, ಕೋರೆಯು ನಾಟೀತೆಂಬ ಭಯವೂ ಇದೆ. ಅಕ್ಷರವನ್ನು ಹಾಗೆ ಹಿಡಿಯಬೇಕೆಂದು ಶಾಸ್ತ್ರಕಾರರ ಅಭಿಪ್ರಾಯ. ದಾಂಡು, ಕವಣೆ, ಲೇಖನಿ, ಮಗುವಿನ ಕೈ ಇವೆಲ್ಲಕ್ಕೂ ಅದೇ ಹಿಡಿತವು ಯೋಗ್ಯವಾದುದು.

ಹಾಗಾದರೆ ಪ್ರಯತ್ನವೇ ಬೇಡವೇ ಎಂದು ಕೇಳಬಹುದು. ಬೀಸನ್ನು ಹೊಗಳುವುದರಿಂದ ಆಲಸ್ಯಕ್ಕೆ ಪುಷ್ಟಿ ಕೊಟ್ಟಂತಾಗುವುದೆಂಬ ಈ ಎರಡನೆಯ ಆಕ್ಷೇಪವು ಮೊದಲನೆಯದಕ್ಕಿಂತ ಗುರುತರವಾದುದು. ಆಸನಸಿದ್ಧಿಗೆ ಪ್ರಯತ್ನಶೈಥಿಲ್ಯವು ಸಾಧನವೆಂದು ಪತಂಜಲಿಯ ಯೋಗಸೂತ್ರವು ತಿಳಿಸುತ್ತದೆ. ಆದರೆ ಇರುವುದನ್ನೇ ಅಲ್ಲವೇ ಸಡಿಲಿಸಬಹುದು? ಎಂದೂ ಪ್ರಯತ್ನಿಸದವನಿಗೆ ಸಡಿಲಿಸಲು ಏನಿದೆ? ಕಾವಲಿನ ಹುಡುಗನ ಸುಲಲಿತವಾದ ಬೀಸಿನ ಹಿಂದೆ ಗುರಿತಪ್ಪಿದ ಕಲ್ಲುಗಳು ಎಷ್ಟೋ ಇವೆ. ಕಲ್ಲುಕುಟಿಗನು ಭಾರವಾದ ಸುತ್ತಿಗೆಯನ್ನು ಎತ್ತುವಾಗ ಬೆವರು ಸುರಿಸುತ್ತಾನೆ. ಇಳಿಯುವಾಗ ಅದರ ಭಾರಕ್ಕೆ ಅದನ್ನು ಒಪ್ಪಿಸುತ್ತಾನೆ. ಆದುದರಿಂದ ಬೀಸು ಎಂದರೆ ಬಲದ ಅಭಾವವಲ್ಲ. ಬಲವು ತನ್ನ ಸ್ಥಾನದಲ್ಲಿಯೂ ತನ್ನ ಕಾಲದಲ್ಲಿಯೂ ಇರುವುದೇ ಬೀಸು. ಡಿಶಾಂಬೊನ ಜಯವೂ ಈ ಸಿದ್ಧಾಂತಕ್ಕೆ ಬಾಧಕವಲ್ಲ. ಆತನ ಬಲವು ಬಹುಕಾಲ ಮೊದಲೇ ವ್ಯಾಯಾಮಶಾಲೆಯಲ್ಲಿ ಸಂಚಿತವಾದದ್ದೇ ಹೊರತು ಚೆಂಡು ತಾಗುವ ಕ್ಷಣದಲ್ಲಿ ಹುಟ್ಟಿದುದಲ್ಲ.

ಬೀಸುವವನಿಗೆ ಫಲವು ನಿಶ್ಚಿತವೆಂದು ಹೇಳುವುದೂ ಸತ್ಯಕ್ಕೆ ದೂರ. ಬೆಂಗಳೂರಿನ ಅದಿತಿ ಅಶೋಕ್ ಎಂಬ ತರುಣಿಯು 2021ರಲ್ಲಿ ಜರುಗಿದ ಟೋಕಿಯೋ ಒಲಿಂಪಿಕ್ಸಿನಲ್ಲಿ ನಾಲ್ಕನೆಯ ಸ್ಥಾನವನ್ನು ಪಡೆದಳು. ಈಕೆಯ ಚೆಂಡು ಜೊತೆಯ ಪ್ರಬಲ ಆಟಗಾರ್ತಿಯರ ಚೆಂಡಿನಷ್ಟು ದೂರ ಹೋಗುತ್ತಿರಲಿಲ್ಲ. ಆದರೂ ಈಕೆ ಅವರನ್ನು ಅನುಕರಿಸಲು ಹೋಗಿ ತನ್ನ ಲಯವನ್ನು ಕೆಡಿಸಿಕೊಳ್ಳದೆ, ಕುಳಿಯ ಬಳಿಯ ಮೆಲುವಾದ ಏಟುಗಳಲ್ಲಿನ ನೈಪುಣ್ಯದಿಂದ ಕೊನೆಯ ದಿನದವರೆಗೂ ಪದಕದ ಸಮೀಪದಲ್ಲಿ ನಿಂತಳು. ಪದಕವು ಒಂದೇ ಏಟಿನಿಂದ ಕೈತಪ್ಪಿತು. ಇನ್ನಷ್ಟು ಬಲವಿದ್ದಿದ್ದರೆ ಎಂದು ಬಲವಾದಿಗಳು ಹೇಳಬಹುದು. ಅದು ಸುಳ್ಳೆನ್ನಲು ಸಾಧ್ಯವಿಲ್ಲ. ಆದರೆ ತನ್ನಲ್ಲಿಲ್ಲದ ಬಲವನ್ನು ಆ ಗಳಿಗೆಯಲ್ಲಿ ನಟಿಸಿದ್ದರೆ ನಾಲ್ಕನೆಯ ಸ್ಥಾನವೂ ಉಳಿಯುತ್ತಿತ್ತೇ ಎಂಬುದು ವಿಚಾರಿಸತಕ್ಕ ಮಾತು. ಬೀಸು ಜಯವನ್ನು ವಾಗ್ದಾನ ಮಾಡುವುದಿಲ್ಲ; ಇರುವ ಶಕ್ತಿಯು ವ್ಯರ್ಥವಾಗದಂತೆ ಕಾಯುತ್ತದೆ.

ಈಗ ಈ ವಿಚಾರವನ್ನು ಮೈದಾನದಿಂದ ಮನೆಗೂ ಪಾಠಶಾಲೆಗೂ ತರಬೇಕಾಗಿದೆ. ಸಂಸ್ಕೃತದಲ್ಲಿ ‘ಶಿಕ್ಷಾ’ ಎಂದರೆ ಕಲಿಕೆ. ಕನ್ನಡದ ಬಳಕೆಯಲ್ಲಿ ‘ಶಿಕ್ಷೆ’ ಎಂದರೆ ದಂಡನೆ. ಒಂದೇ ಶಬ್ದಕ್ಕೆ ಈ ಎರಡನೆಯ ಅರ್ಥವನ್ನು ಅಂಟಿಸಿದವರಲ್ಲಿ ಉಪಾಧ್ಯಾಯರ ಪಾಲು ಅಲ್ಪವಾದುದಲ್ಲ. ಶಾಲೆಯಲ್ಲಿ ದೈಹಿಕ ದಂಡನೆಯನ್ನು 2009ರ ಶಿಕ್ಷಣಹಕ್ಕಿನ ಕಾನೂನು ನಿಷೇಧಿಸಿದೆ. ಆದರೆ ಕಾನೂನು ಬೆತ್ತವನ್ನು ಕಸಿದುಕೊಳ್ಳಬಲ್ಲುದೇ ಹೊರತು ಕೈಯ ಅವಸರವನ್ನಲ್ಲ. ಹುಡುಗನೊಬ್ಬನು ಏಳರ ಮಗ್ಗಿಯಲ್ಲಿ ತಪ್ಪಿದಾಗ ಗುರುವಾಗಲಿ ತಂದೆಯಾಗಲಿ ಕೈಯೆತ್ತುತ್ತಾನೆ. ಆ ತಪ್ಪು ಆ ಕ್ಷಣದಲ್ಲಿ ಹುಟ್ಟಿದುದೇ? ಆರರ ಮಗ್ಗಿಯನ್ನು ಹೇಳಿಕೊಟ್ಟ ದಿನ ಮಗುವಿನ ಪಕ್ಕದಲ್ಲಿ ಕುಳಿತವರಾರು? ಅರ್ಥವಾಯಿತೇ ಎಂದು ಅದರ ಮುಖವನ್ನು ನೋಡಿದವರಾರು? ತಿಂಗಳುಗಟ್ಟಲೆ ಬೀಸಬೇಕಾಗಿದ್ದುದನ್ನು ಬೀಸದೆ ಬಿಟ್ಟು, ಕೊನೆಗಳಿಗೆಯಲ್ಲಿ ಅದನ್ನೆಲ್ಲ ಒಂದೇ ಏಟಿನಲ್ಲಿ ತುಂಬಿಕೊಡಲು ಹೊರಡುವುದೇ ಹೊಡೆತ. ಅದು ಮಗುವಿನ ದೋಷಕ್ಕಿಂತ ಹೆಚ್ಚಾಗಿ ಹೊಡೆದವನ ವಿಳಂಬವನ್ನು ಸಾರುತ್ತದೆ. ವಯಸ್ಸಾದ ಮೇಲೆ ಎಷ್ಟೋ ಮಂದಿ ಗುರುಗಳಿಗೂ ತಂದೆಗಳಿಗೂ ಈ ಮಾತು ತಿಳಿಯುತ್ತದೆ. ಅಷ್ಟು ಹೊತ್ತಿಗೆ ಪೆಟ್ಟು ತಿಂದ ಹುಡುಗನು ತಾನೂ ತಂದೆಯಾಗಿರುತ್ತಾನೆ.

ಬೀಸಿಗೆ ಇನ್ನೊಂದು ಲಕ್ಷಣವಿದೆ: ಚೆಂಡು ಹೋದ ಮೇಲೆಯೂ ದಾಂಡು ನಿಲ್ಲದೆ ತನ್ನ ವೃತ್ತವನ್ನು ಪೂರ್ಣಗೊಳಿಸುತ್ತದೆ. ಪರೀಕ್ಷೆಯ ಫಲ ಬಂದ ಮೇಲೆಯೂ ನಿಲ್ಲದ ಗುರುವಿನ ಕಾಳಜಿಯು ಅಂತಹುದು.

ಕವಣೆಗೆ ಎರಡು ಹುರಿಗಳಿರುತ್ತವೆ. ಒಂದು ಬೆರಳಿಗೆ ಸಿಕ್ಕಿಸಿದ್ದು. ಇನ್ನೊಂದನ್ನು ತಕ್ಕ ಗಳಿಗೆಯಲ್ಲಿ ಬಿಡಬೇಕು. ಎರಡನ್ನೂ ಹಿಡಿದೇ ಇದ್ದರೆ ಕಲ್ಲು ಹೋಗುವುದಿಲ್ಲ. ಎರಡನ್ನೂ ಬಿಟ್ಟರೆ ಕವಣೆಯೇ ಹೋಗುತ್ತದೆ. ಯಾವುದನ್ನು ಹಿಡಿಯಬೇಕು, ಯಾವುದನ್ನು ಯಾವಾಗ ಬಿಡಬೇಕು ಎಂಬುದನ್ನು ಜೋಳದ ಹೊಲದ ಹುಡುಗನು ಬೀಸಿ ಬೀಸಿ ಕಲಿತನು. ಮಕ್ಕಳನ್ನು ಬೆಳೆಸುವವರು ಕಲಿಯಬೇಕಾದುದೂ ಅದಕ್ಕಿಂತ ಬೇರೆಯಲ್ಲ.