ಪಂಜರದ ಮೇಲೆ ನೆರಳು

ಇಂದಿನ ಚಿಂತನೆ



ಏಪ್ರಿಲ್ ಬಂತೆಂದರೆ ನಮ್ಮ ಕಲಬುರಗಿ, ರಾಯಚೂರು ಕಡೆ ಬಿಸಿಲು 40 ಡಿಗ್ರಿ ದಾಟುತ್ತದೆ. ನಾವು ಕೂಲರ್ ಹಾಕಿಕೊಳ್ಳುತ್ತೇವೆ, ಮಜ್ಜಿಗೆ ಕುಡಿಯುತ್ತೇವೆ, ಸೆಕೆ ತಡೆಯದಿದ್ದರೆ ಎದ್ದು ಬೇರೆ ಕೋಣೆಗೆ ಹೋಗುತ್ತೇವೆ. ಪಂಜರದಲ್ಲಿರುವ ಗಿಳಿ ಎದ್ದು ಎಲ್ಲಿಗೆ ಹೋಗಬೇಕು? ಇಂದು ಆ ಗಿಳಿಯನ್ನು ಮುಂದಿಟ್ಟುಕೊಂಡು ಕರುಣೆಯ ಬಗ್ಗೆ ಯೋಚಿಸೋಣ.

ಮೊದಲಿಗೆ ಒಂದು ಮಾತು. ನಮ್ಮ ನಾಡಿನ ಹಸಿರು ಗಿಳಿಯನ್ನು ಮನೆಯಲ್ಲಿ ಸಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ. ಅಂಥ ಗಿಳಿ ಇದ್ದರೆ ಅದನ್ನು ಅರಣ್ಯ ಇಲಾಖೆಗೆ ಒಪ್ಪಿಸುವುದೇ ಸರಿ. ಆದರೆ ಅನೇಕ ಮನೆಗಳಲ್ಲಿರುವುದು ನಾವು ‘ಲವ್ ಬರ್ಡ್ಸ್’ ಎಂದು ಕರೆಯುವ ಪುಟ್ಟ ಬಜರಿಗಾರ್ ಗಿಳಿಗಳು. ಇವುಗಳ ಮೂಲ ಆಸ್ಟ್ರೇಲಿಯಾದ ಒಣ ಒಳನಾಡು. ಇಲ್ಲಿ ಮಾರುವ ಹಕ್ಕಿಗಳು ಪಂಜರದಲ್ಲೇ ಮೊಟ್ಟೆಯೊಡೆದು ಬಂದವು.

ನನ್ನ ಒಂಬತ್ತನೇ ತರಗತಿಯ ಒಬ್ಬ ವಿದ್ಯಾರ್ಥಿನಿಯ ಮನೆಯಲ್ಲಿ ಇಂಥ ಎರಡು ಹಕ್ಕಿಗಳಿದ್ದವು. ಹೋದ ಬೇಸಿಗೆಯಲ್ಲಿ ತಗಡಿನ ಪಡಸಾಲೆಯ ಕೆಳಗೆ ಒಂದು ಸತ್ತಿತು. ಮನೆಮಂದಿಗೆಲ್ಲ ಅದರ ಮೇಲೆ ಪ್ರೀತಿಯಿತ್ತು. ಅದಕ್ಕೊಂದು ಹೆಸರೂ ಇತ್ತು. ಪಂಚಶೀಲದ ಪಾಠ ಮಾಡುವಾಗ ಅವಳು ಕೇಳಿದಳು: “ಸರ್, ಪಂಜರದಾಗ ಇಡೋದೇ ತಪ್ಪು ಅಂದ್ರ, ಅದರ ಮ್ಯಾಲ ನೆರಳು ಮಾಡಿದ್ರ ಏನು ಬಂತ್ರಿ?”

ಇದು ಸಣ್ಣ ಪ್ರಶ್ನೆಯಲ್ಲ. ಕಾಡಿನ ಬಜರಿಗಾರ್ ಸೆಕೆ ಏರಿದಾಗ ಮರದ ನೆರಳು ಸೇರುತ್ತದೆ, ನೀರಿರುವ ಕಡೆಗೆ ಗುಂಪಾಗಿ ಹಾರುತ್ತದೆ. ಬಿಸಿಲನಾಡಿನ ಹಕ್ಕಿ ಬದುಕಿ ಉಳಿದಿರುವುದೇ ಹೀಗೆ. ಪಂಜರದ ಬಾಗಿಲು ಹಾಕಿದಾಗ ನಾವು ಕಿತ್ತುಕೊಂಡದ್ದು ಆಕಾಶವನ್ನು ಮಾತ್ರವಲ್ಲ, ನೆರಳನ್ನೂ ನೀರನ್ನೂ ಹುಡುಕಿಕೊಳ್ಳುವ ಶಕ್ತಿಯನ್ನು. ಅದರ ಪಾಲಿನ ಆ ಕೆಲಸವೆಲ್ಲ ಈಗ ನಮ್ಮ ಸಾಲ. ಸಾಲ ತೀರಿಸಿದ್ದಕ್ಕೆ ಪುಣ್ಯ ಕೇಳುವಂತಿಲ್ಲ, ತೀರಿಸದೆ ಇರುವಂತೆಯೂ ಇಲ್ಲ.

ಹಾಗಾದರೆ ಬಾಗಿಲು ತೆರೆದು ಹಾರಿಸಿಬಿಟ್ಟರೆ? ಪಂಜರದಲ್ಲೇ ಹುಟ್ಟಿದ ಹಕ್ಕಿಗೆ ಇಲ್ಲಿ ಮೇವು ಹುಡುಕಲು ಬಾರದು. ಕಾಗೆಗೋ ಬೆಕ್ಕಿಗೋ ಬಲಿಯಾಗುತ್ತದೆ. ಹಗುರಾಗುವುದು ನಮ್ಮ ಮನಸ್ಸು, ಸಾಯುವುದು ಹಕ್ಕಿ.

ಐದನೇ ಶತಮಾನದಲ್ಲಿ ಬುದ್ಧಘೋಷರು ‘ವಿಸುದ್ಧಿಮಗ್ಗ’ದಲ್ಲಿ ಒಂದು ಸೂಕ್ಷ್ಮ ತೋರಿಸಿದ್ದಾರೆ. ಪ್ರತಿಯೊಂದು ಸದ್ಗುಣಕ್ಕೂ ದೂರದ ಶತ್ರುವಿನ ಜೊತೆಗೆ ಅದರಂತೆಯೇ ಕಾಣುವ ಹತ್ತಿರದ ಶತ್ರುವೂ ಇದೆ. ಮೈತ್ರಿಯ ಹತ್ತಿರದ ಶತ್ರು ರಾಗ. ಉಪೇಕ್ಷೆಯ ಹತ್ತಿರದ ಶತ್ರು ಅಜ್ಞಾನದ ಉದಾಸೀನ. “ನನ್ನ ಗಿಳಿ” ಎಂದು ಮುದ್ದಿಸುತ್ತಾ, ಬಂದವರಿಗೆ ಕಾಣಲೆಂದು ಪಂಜರವನ್ನು ಬಿಸಿಲು ಬೀಳುವ ಬಾಲ್ಕನಿಯಲ್ಲೇ ತೂಗುಹಾಕುವುದು ರಾಗ. “ಹಕ್ಕಿಗೆ ಬಿಸಿಲು ರೂಢಿ ಬಿಡಿ” ಎನ್ನುವುದು ಉದಾಸೀನ. ಎರಡರಲ್ಲೂ ಕೊರತೆ ಒಂದೇ: ಹಕ್ಕಿಯನ್ನು ಯಾರೂ ನೋಡುತ್ತಿಲ್ಲ.

ನೋಡಿದರೆ ತಿಳಿಯುತ್ತದೆ. ಹಕ್ಕಿಗೆ ಬೆವರುವ ಗ್ರಂಥಿಗಳಿಲ್ಲ. ಸೆಕೆಯಾದಾಗ ಅದು ಕೊಕ್ಕು ತೆರೆದು ಏದುಸಿರು ಬಿಡುತ್ತದೆ, ರೆಕ್ಕೆಗಳನ್ನು ಮೈಯಿಂದ ಅಗಲಿಸಿ ಹಿಡಿಯುತ್ತದೆ. ಅದೇ ಅದರ ಮಾತು.

ಆ ಮಾತಿಗೆ ಉತ್ತರ ಹೀಗಿರಲಿ. ಪಂಜರವನ್ನು ತಗಡಿನ ಕೆಳಗಿನಿಂದ, ಕಿಟಕಿಯ ಬಿಸಿಲಿನಿಂದ ಸರಿಸಿ, ಗಾಳಿಯಾಡುವ ತಂಪು ಕೋಣೆಯಲ್ಲಿಡಿ. ಬೆಳಗಿನ ನೆರಳು ಮಧ್ಯಾಹ್ನ ಅಲ್ಲಿರುವುದಿಲ್ಲ ಎಂಬುದು ನೆನಪಿರಲಿ. ಅಡುಗೆಮನೆ ಬೇಡ, ಅತಿಯಾಗಿ ಕಾದ ನಾನ್‌ಸ್ಟಿಕ್ ತವೆಯ ಹೊಗೆ ಗಿಳಿಗಳ ಪ್ರಾಣ ತೆಗೆಯಬಲ್ಲದು. ಕುಡಿಯುವ ನೀರನ್ನು ದಿನಕ್ಕೆ ಎರಡು ಮೂರು ಸಲ ಬದಲಿಸಿ. ಮೀಯಲು ಅಗಲವಾದ, ಆಳವಿಲ್ಲದ ತಟ್ಟೆಯಲ್ಲಿ ನೀರಿಡಿ. ಒಂದು ಚೂರು ಸೌತೆಕಾಯಿ ಕೊಡಿ. ತಿಂದು ಉಳಿದದ್ದನ್ನು ಹಳಸುವ ಮೊದಲೇ ತೆಗೆಯಿರಿ. ಒದ್ದೆ ಬಟ್ಟೆ ಹಾಕುವುದಾದರೆ ಪಂಜರದ ಒಂದು ಬದಿಗೆ ಮಾತ್ರ. ಪೂರ್ತಿ ಮುಚ್ಚಿದರೆ ಗಾಳಿ ನಿಲ್ಲುತ್ತದೆ. ಹೊರಗೆ ಬಿಡುವಾಗ ಸೀಲಿಂಗ್ ಫ್ಯಾನ್ ಆರಿಸಿರಿ. ತಂಪಿನಲ್ಲಿಟ್ಟರೂ ಏದುಸಿರು ನಿಲ್ಲದೆ ಹಕ್ಕಿ ತೂಗಾಡಿದರೆ ಕಾಲುಗಳಿಗೆ, ರೆಕ್ಕೆಯ ಅಡಿಗೆ ಸಾಧಾರಣ ನೀರು ಸವರಿ, ತಡಮಾಡದೆ ಪಶುವೈದ್ಯರಲ್ಲಿಗೆ ಒಯ್ಯಿರಿ. ಮಂಜುಗಡ್ಡೆಯ ನೀರು ಬೇಡ. ಬಲವಂತವಾಗಿ ಬಾಯಿಗೆ ನೀರು ಹೊಯ್ದರೆ ಅದು ಶ್ವಾಸಕೋಶಕ್ಕೆ ಇಳಿಯಬಹುದು.

ಇಷ್ಟೆಲ್ಲ ಮಾಡಿದ ಮೇಲೂ ಪಂಜರ ಪಂಜರವೇ. “ಎಷ್ಟು ಚೆನ್ನಾಗಿ ನೋಡಿಕೊಳ್ಳುತ್ತೇವೆ” ಎಂಬ ಸಮಾಧಾನ ಇನ್ನೊಂದು ಜೋಡಿ ತರುವುದಕ್ಕೆ ನೆಪವಾಗಬಾರದು. ಗೃಹಸ್ಥರು ಮಾಡಬಾರದೆಂದು ಭಗವಾನ್ ಬುದ್ಧರು ಹೇಳಿದ ಐದು ವ್ಯಾಪಾರಗಳಲ್ಲಿ ಜೀವಿಗಳ ವ್ಯಾಪಾರವೂ ಒಂದು. ಕೊಳ್ಳುವವರಿಲ್ಲದೆ ಯಾವ ವ್ಯಾಪಾರ ನಡೆದೀತು? ಆದ್ದರಿಂದ ಆ ಹುಡುಗಿಗೆ ನಾನು ಹೇಳಿದ್ದಿಷ್ಟು: ಇರುವ ಹಕ್ಕಿಯನ್ನು ಅದರ ಕೊನೆಯ ದಿನದವರೆಗೂ ಕಾಪಾಡು, ಅದರ ನಂತರ ಪಂಜರ ಖಾಲಿಯಾಗಿಯೇ ಇರಲಿ. ಅವಳು ಒಪ್ಪಿದಳೋ ಇಲ್ಲವೋ ತಿಳಿಯದು. “ಒಂದೇ ಉಳಿದದ, ಅದಕ್ಕ ಬೇಜಾರಾಗಲ್ಲೇನ್ರಿ?” ಎಂದು ಕೇಳಿದಳು. ಆಗುತ್ತದೆ. ಗುಂಪಿನಲ್ಲಿ ಬಾಳುವ ಜೀವ ಅದು. ಹಾಗಾಗಿ ದಿನಾಲೂ ಅದರ ಬಳಿ ಕುಳಿತು ಮಾತಾಡುವುದೂ ನಮ್ಮ ಸಾಲದ ಲೆಕ್ಕಕ್ಕೇ ಸೇರುತ್ತದೆ.

ಇಂದಿನ ಅಭ್ಯಾಸ: ಮಧ್ಯಾಹ್ನ ಎರಡು ಗಂಟೆಗೆ, ನಿಮ್ಮ ಆಸರೆಯಲ್ಲೇ ಬದುಕುವ ಒಂದು ಜೀವದ ಬಳಿ ಐದು ನಿಮಿಷ ಸುಮ್ಮನೆ ಕುಳಿತು ನೋಡಿ. ಹಕ್ಕಿಯಿರಲಿ, ದನವಿರಲಿ, ಹಾಸಿಗೆ ಹಿಡಿದ ಹಿರಿಯರಿರಲಿ, ಅವರಿರುವ ಜಾಗದ ಸೆಕೆ ನಿಮ್ಮ ಮೈಗೂ ತಾಗಲಿ. ಆಮೇಲೆ ಏನು ಮಾಡಬೇಕೋ ಅದನ್ನು ಮಾಡಿ.

ಎಲ್ಲರಿಗೂ ಮಂಗಳವಾಗಲಿ.