ಈಗ ಅಲ್ಲಿ ಸ್ನಾನ ಮಾಡೋರು ಯಾರು?

ಕಳೆದ ತಿಂಗಳು ಇಂಗ್ಲೆಂಡಿನ ರೆಡಿಂಗ್‌ನಲ್ಲಿರುವ ನಮ್ಮ ಮನೆಗೆ ಅಂಚೆಯಲ್ಲಿ ಒಂದು ಹಾಳೆ ಬಂತು. ಮನೆಯ ವೈರಿಂಗನ್ನು ಪೂರ್ತಿ ಬದಲಾಯಿಸಿದ್ದು ಕಟ್ಟಡ ನಿಯಮಗಳ ಪ್ರಕಾರವೇ ಆಗಿದೆ ಎನ್ನುವ ಸರ್ಟಿಫಿಕೇಟ್. ಹೆಂಡತಿ ಅದನ್ನು ಫೈಲಿಗೆ ಸೇರಿಸಿ ಸುಮ್ಮನಾದಳು. ನನಗೆ ಮಾತ್ರ ಅವತ್ತಿನಿಂದ ಸಮಾಧಾನ ಇಲ್ಲ. ಇಂಥದೇ ಒಂದು ಹಾಳೆ ನಮ್ಮ ಹಳೇ ಫ್ಲಾಟಿಗೂ ಇರಬೇಕಿತ್ತು, ಇರಲಿಲ್ಲ. ಆ ಫ್ಲಾಟನ್ನು ಮಾರಿ ಎರಡು ವರ್ಷವಾಯ್ತು.

ಇಲ್ಲಿ ಮನೆಯೊಳಗಿನ ಕರೆಂಟ್ ಕೆಲಸಕ್ಕೂ ಕಟ್ಟಡ ನಿಯಮ ಇದೆ. ‘ಪಾರ್ಟ್ ಪಿ’ ಅಂತಾರೆ, 2005ರ ಜನವರಿಯಲ್ಲಿ ಜಾರಿಗೆ ಬಂತು. ಮುರಿದ ಸಾಕೆಟ್ ಬದಲಾಯಿಸೋಕೆ ಯಾರನ್ನೂ ಕೇಳಬೇಕಿಲ್ಲ. ಆದರೆ ಹೊಸ ಸರ್ಕ್ಯೂಟ್ ಎಳೆಯೋದಾದರೆ, ಫ್ಯೂಸ್ ಬೋರ್ಡ್ ಬದಲಾಯಿಸೋದಾದರೆ, ಕೌನ್ಸಿಲ್‌ಗೆ ಮೊದಲೇ ತಿಳಿಸಿ ಶುಲ್ಕ ಕಟ್ಟಬೇಕು. ಇಲ್ಲವೇ ತನ್ನ ಕೆಲಸವನ್ನು ತಾನೇ ಪರೀಕ್ಷಿಸಿ ಸರ್ಟಿಫೈ ಮಾಡುವ ಅಧಿಕಾರವಿರುವ ನೋಂದಾಯಿತ ಎಲೆಕ್ಟ್ರಿಷಿಯನ್ ಕೈಲಿ ಮಾಡಿಸಬೇಕು. ನಿಯಮ ಜಾರಿಯಾಗುವ ಕೆಲವೇ ತಿಂಗಳ ಮುಂಚೆ, 2004ರಲ್ಲಿ, ಇಲ್ಲಿನ ಸಂಸದೆಯೊಬ್ಬರ ಮಗಳು ತನ್ನದೇ ಅಡುಗೆಮನೆಯಲ್ಲಿ ಶಾಕ್ ಹೊಡೆದು ತೀರಿಕೊಂಡರು. ಗೋಡೆಗೆ ಹಾಕಿದ್ದ ಲೋಹದ ರ‍್ಯಾಕಿನ ಸ್ಕ್ರೂ, ಒಳಗೆ ಹುದುಗಿದ್ದ ತಂತಿಗೆ ತಾಗಿತ್ತು. ಗೋಡೆ ಮುಚ್ಚಿದ ಮೇಲೆ ಒಳಗೆ ಏನಿದೆ ಅಂತ ಯಾರಿಗೆ ಗೊತ್ತಾಗಬೇಕು?

ಇದೆಲ್ಲ ಗೊತ್ತಿದ್ದೂ ನಾನು ಹಳೇ ಫ್ಲಾಟಿನ ಬಚ್ಚಲಿಗೆ ಎಲೆಕ್ಟ್ರಿಕ್ ಶವರ್ ಹಾಕಿಸಿದ್ದು ಪರಿಚಯದ ಒಬ್ಬರ ಕೈಲಿ, ಒಂದು ಶನಿವಾರ, ಕ್ಯಾಶ್ ಕೊಟ್ಟು. ಅದು 9.5 ಕಿಲೋವ್ಯಾಟಿನದು. 230 ವೋಲ್ಟಿಗೆ ಭಾಗಿಸಿದರೆ 41 ಆಂಪ್ಸ್. ಮೊದಲ ವರ್ಷದ ಬಿಇನಲ್ಲಿ ಬೇಸಿಕ್ ಎಲೆಕ್ಟ್ರಿಕಲ್ ಓದಿದ ಯಾರಿಗಾದರೂ ಈ ಲೆಕ್ಕ ಬರುತ್ತೆ. ಅವರು ಎಷ್ಟು ದಪ್ಪದ ತಂತಿ ಎಳೆದರು ಅಂತ ಮಾತ್ರ ನಾನು ನೋಡಲಿಲ್ಲ. ಬಿಸಿನೀರು ಬಂತು, ಅಷ್ಟು ಸಾಕಾಗಿತ್ತು.

ಮಾರುವಾಗ ಒಂದು ಫಾರ್ಮ್ ತುಂಬಬೇಕು. 2005ರ ಜನವರಿ 1ರ ನಂತರ ಕರೆಂಟ್ ಕೆಲಸ ಏನಾದರೂ ಮಾಡಿಸಿದ್ದೀರಾ ಅಂತ ಅದರಲ್ಲಿ ಕೇಳ್ತಾರೆ. ನಾನು ಸುಳ್ಳು ಬರೆಯಲಿಲ್ಲ. ‘ಹೌದು, ಸರ್ಟಿಫಿಕೇಟ್ ಇಲ್ಲ’ ಅಂತಲೇ ಬರೆದೆ. ವಕೀಲರು, ಇದಕ್ಕೆಲ್ಲ ಇನ್ಶೂರೆನ್ಸ್ ಪಾಲಿಸಿ ಇದೆ, ಒಂದೇ ಸಲ ಕಟ್ಟಿದರೆ ಮುಗೀತು ಅಂದರು. ಆ ಪಾಲಿಸಿ ಏನು ಕೊಡುತ್ತೆ? ಮುಂದೆ ಕೌನ್ಸಿಲ್ ಕ್ರಮ ಕೈಗೊಂಡರೆ ಆಗುವ ನಷ್ಟ. ತಂತಿ ಸರಿಯಿಲ್ಲದಿದ್ದರೆ ಸರಿ ಮಾಡಿಸೋಕೆ ಅಲ್ಲ, ಯಾರಿಗಾದರೂ ಏನಾದರೂ ಆದರೆ ಅದಕ್ಕೂ ಅಲ್ಲ. ಜೊತೆಗೆ ಒಂದು ಷರತ್ತು: ಈ ಕೆಲಸದ ಬಗ್ಗೆ ಕೌನ್ಸಿಲ್ ಜೊತೆ ಮಾತಾಡಿದರೆ ಪಾಲಿಸಿ ರದ್ದು. ಅಂದರೆ ಅದು ನಿಂತಿದ್ದೇ ಯಾರೂ ಹೋಗಿ ವಿಚಾರಿಸಲ್ಲ ಅನ್ನೋದರ ಮೇಲೆ.

ನಾನು ಹಣ ಕಟ್ಟಿದೆ. ಕೊಳ್ಳುವವರ ವಕೀಲರು ಒಪ್ಪಿದರು. ಎಲ್ಲರೂ ಪ್ರಾಮಾಣಿಕರು, ಎಲ್ಲವೂ ಕಾನೂನುಬದ್ಧ. ಗೋಡೆಯೊಳಗಿನ ತಂತಿಯನ್ನು ಮಾತ್ರ ಒಬ್ಬರೂ ಮುಟ್ಟಿ ನೋಡಲಿಲ್ಲ. ಆಫೀಸಿನಲ್ಲಿ ಕೋಡ್ ಓದದೆ ‘ಅಪ್ರೂವ್’ ಒತ್ತುವವರನ್ನು ಕಂಡರೆ ಉರಿದುಬೀಳುವವನು ನಾನು.

ಈಗಿನ ಮನೆಯಲ್ಲಿ ಕೆಲಸ ಮಾಡಿದ ಎಲೆಕ್ಟ್ರಿಷಿಯನ್ ಕೊನೆಯ ದಿನ ಹೆಚ್ಚುಕಮ್ಮಿ ಪೂರ್ತಿ ಟೆಸ್ಟಿಂಗ್‌ನಲ್ಲೇ ಕಳೆದರು. ಒಂದೊಂದು ಸರ್ಕ್ಯೂಟಿಗೂ ಮೀಟರ್ ಹಿಡಿದು ಅಂಕಿ ಬರೆದುಕೊಳ್ಳೋದು. ನಾನು, ‘ಲೈಟೆಲ್ಲಾ ಉರೀತಿದೆಯಲ್ಲ?’ ಅಂದೆ. ‘ಲೈಟ್ ಉರಿಯೋದಕ್ಕೆ ಅರ್ಥ್ ಬೇಕಿಲ್ಲ’ ಅಂದರು. ಆ ಮಾತು ಕೇಳಿದಾಗಲೇ ಹಳೇ ಫ್ಲಾಟಿನ ಬಚ್ಚಲು ಕಣ್ಮುಂದೆ ಬಂದಿತ್ತು.

ಗೆಳೆಯನಿಗೆ ಹೇಳಿದರೆ, ‘ಮಾರಿದ ಮೇಲೆ ಮುಗೀತು ಮಾರಾಯ. ಎಲ್ಲಾ ಬರೆದುಕೊಟ್ಟಿದ್ದೀಯ, ಅವರು ಒಪ್ಪಿ ತಗೊಂಡಿದ್ದಾರೆ. ಈಗ ಕೆದಕಿದರೆ ನೀನೇ ಸಿಕ್ಕಿಹಾಕ್ಕೋತೀಯ’ ಅಂದ. ವಾದದಲ್ಲಿ ತಪ್ಪಿಲ್ಲ. ಅವರಿಗೆ ಗೊತ್ತಿತ್ತು, ನಿಜ. ಆದರೆ ಗೊತ್ತಿದ್ದಿದ್ದು ಒಂದು ಕಾಗದ ಇಲ್ಲ ಅಂತ. ಕೆಲಸ ಮಾಡಿದವರು ಯಾರು, ಎಷ್ಟು ಅವಸರದಲ್ಲಿ ಮುಗಿಸಿದರು, ಟೈಲ್ಸ್ ಮುಚ್ಚುವ ಮುಂಚೆ ನಾನು ಇಣುಕಿಯೂ ನೋಡಲಿಲ್ಲ ಅನ್ನೋದು ಗೊತ್ತಿದ್ದಿದ್ದು ನನಗೆ ಮಾತ್ರ. ಮನೆಯನ್ನು ಮಾರಬಹುದು, ಅದರ ಬಗ್ಗೆ ನನಗೆ ಗೊತ್ತಿರೋದನ್ನೂ ಅದರ ಜೊತೆಗೇ ಮಾರಿ ಕೈತೊಳೆದುಕೊಳ್ಳೋಕಾಗುತ್ತಾ?

ಊರಲ್ಲಿ ನಮ್ಮ ಮನೆಗೆ ವೈರಿಂಗ್ ಮಾಡಿದ್ದು ಪಕ್ಕದ ಬೀದಿಯವರೇ. ಯಾವ ಹಾಳೆಯನ್ನೂ ನಾನು ನೋಡಿದ ನೆನಪಿಲ್ಲ. ಫ್ಯೂಸ್ ಹೋದರೆ ಕೈಗೆ ಸಿಕ್ಕ ತಂತಿ ಕಟ್ಟುತ್ತಿದ್ದೆವು. ಈಗ ನೆನೆಸಿಕೊಂಡರೆ ಭಯವಾಗುತ್ತೆ, ಆ ಕಾಲ ಚೆನ್ನಾಗಿತ್ತು ಅಂತ ನಾನು ಹೇಳಲ್ಲ. ಆದರೆ ಮನೆ ಹಿಂದೆ ಉಪ್ಪು, ಇದ್ದಿಲು ತುಂಬಿದ ಅರ್ಥಿಂಗ್ ಗುಂಡಿ ಇತ್ತು. ಬೇಸಿಗೆಯಲ್ಲಿ ನೆಲ ಒಣಗಿದರೆ ಅರ್ಥ್ ಸರಿಯಾಗಿ ಸಿಗಲ್ಲ ಅಂತ ಯಾರೋ ಹೇಳಿದ್ದನ್ನು ಅಪ್ಪ ಮರೆಯಲಿಲ್ಲ. ಕುಡಿಯೋಕೆ ನೀರು ಹೊತ್ತು ತರುವ ದಿನಗಳಲ್ಲೂ ಅದಕ್ಕೊಂದು ಕೊಡ ನೀರು ಹಾಕೋರು.

ಭಾನುವಾರ ಫೋನಿನಲ್ಲಿ ಅಪ್ಪನಿಗೆ ಈ ಕಥೆಯೆಲ್ಲ ಹೇಳಿದೆ. ಪಾರ್ಟ್ ಪಿ, ಪಾಲಿಸಿ ಯಾವುದೂ ಅವರಿಗೆ ಅರ್ಥವಾಗಲಿಲ್ಲ. ಪೂರ್ತಿ ಕೇಳಿ, ‘ಈಗ ಅಲ್ಲಿ ಸ್ನಾನ ಮಾಡೋರು ಯಾರಪ್ಪ?’ ಅಂದರು.

ಗಂಡ, ಹೆಂಡತಿ, ಮೂರು ವರ್ಷದ ಹುಡುಗಿ ಅಂತ ಹೇಳೋಕೆ ನನಗೆ ಒಂದು ಕ್ಷಣ ಬೇಕಾಯ್ತು.

ಅವತ್ತೇ ರಾತ್ರಿ ಪತ್ರ ಬರೆದೆ. ‘ಬರಿ, ಆದ್ರೆ ಹೆದರಿಸಬೇಡ’ ಅಂದಳು ಹೆಂಡತಿ. ಶವರ್ ಕೆಲಸವನ್ನು ನಾನು ಸರಿಯಾಗಿ ಪರೀಕ್ಷೆ ಮಾಡಿಸಿರಲಿಲ್ಲ, ನೋಂದಾಯಿತ ಎಲೆಕ್ಟ್ರಿಷಿಯನ್ ಒಬ್ಬರಿಂದ ಒಮ್ಮೆ ಟೆಸ್ಟ್ ಮಾಡಿಸಿ, ಅಲ್ಲಿಯವರೆಗೆ ಅದನ್ನು ಬಳಸಬೇಡಿ, ಟೆಸ್ಟಿನದೂ ರಿಪೇರಿಯದೂ ಖರ್ಚು ನನ್ನದು ಅಂತ ಬರೆದೆ. ಕೌನ್ಸಿಲ್‌ಗೆ ಹೋಗುವ ಮುಂಚೆ ಪಾಲಿಸಿಯ ಷರತ್ತು ಓದಿ ಅಂತಲೂ ಸೇರಿಸಿದೆ. ಅಂಚೆಗೆ ಹಾಕಿದರೆ ಎರಡು ದಿನ ತಡವಾಗುತ್ತೆ ಅಂತ, ಬೆಳಿಗ್ಗೆ ಆಫೀಸಿಗೆ ಹೋಗುವ ಮುಂಚೆ ನಾನೇ ಹೋಗಿ ಅವರ ಬಾಗಿಲು ಬಡಿದೆ.