ಜೊತೆಗಾರನ ಕೈಲಿ ಎಕ್ಕ ಇದೆ ಅಂದ್ಕೊಂಡು

ಒಂದು ವಿಷಯ ನಿಜ ಇರೋ ಸಾಧ್ಯತೆ ಕಡಿಮೆ ಅಂತ ನಿಮಗೇ ಗೊತ್ತು. ಆದರೂ ಅದು ನಿಜ ಅನ್ನೋ ಹಾಗೆ ನಡ್ಕೊಳ್ಳೋದು ಸರಿಯಾ? ಗೆದ್ದರೆ ಇದಕ್ಕೆ ಧೈರ್ಯ ಅಂತೀವಿ, ಸೋತರೆ ಹುಚ್ಚು ಅಂತೀವಿ. ಫಲಿತಾಂಶ ಬರೋಕೆ ಮುಂಚೆ ಏನನ್ನಬೇಕು ಅನ್ನೋದು ಪ್ರಶ್ನೆ. ನನಗೆ ಇದಕ್ಕೆ ನೆಟ್ಟಗಿನ ಉತ್ತರ ಸಿಕ್ಕಿದ್ದು ಬ್ರಿಜ್ ಅನ್ನೋ ಇಸ್ಪೀಟ್ ಆಟದಲ್ಲಿ.

ನಮ್ಮೂರಲ್ಲಿ ಇಸ್ಪೀಟು ಅಂದ್ರೆ ಬೈಗುಳ. ಜಾತ್ರೆ ಟೈಮಲ್ಲಿ ಅಂದರ್ ಬಾಹರ್ ಆಡೋರು, ಪೊಲೀಸ್ ಜೀಪ್ ಕಂಡ್ರೆ ಜೋಳದ ಹೊಲದೊಳಗೆ ಓಡೋರು. ಬ್ರಿಜ್ ಆ ಪೈಕಿ ಅಲ್ಲ. 2018ರ ಏಷ್ಯನ್ ಗೇಮ್ಸ್‌ನಲ್ಲಿ 60 ವರ್ಷದ ಪ್ರಣಬ್ ಬರ್ಧನ್ ಮತ್ತು 56 ವರ್ಷದ ಶಿಬನಾಥ್ ಸರ್ಕಾರ್ ಭಾರತಕ್ಕೆ ಚಿನ್ನ ತಂದದ್ದು ಇದೇ ಆಟದಲ್ಲಿ.

ಆಟ ಗೊತ್ತಿಲ್ಲದವರಿಗೆ ಎರಡೇ ಮಾತು. ನಾಲ್ಕು ಜನ, ಎದುರುಬದುರು ಕೂತವರು ಜೋಡಿ, ತಲಾ 13 ಎಲೆ. ಮೊದಲು ಹರಾಜು: ನಾವು ಇಷ್ಟು ಟ್ರಿಕ್ ಗೆಲ್ತೀವಿ ಅಂತ ಕೂಗೋದು. ಹೆಚ್ಚು ಕೂಗಿದ ಜೋಡಿಯಲ್ಲಿ ಒಬ್ಬ ಆಡ್ತಾನೆ, ಇನ್ನೊಬ್ಬ ತನ್ನ ಎಲೆಗಳನ್ನ ಟೇಬಲ್ ಮೇಲೆ ತೆರೆದಿಡ್ತಾನೆ. ಅದು ಡಮ್ಮಿ. ಉಳಿದ ಇಬ್ಬರ ಕೆಲಸ ಆ ಕೂಗನ್ನ ಮುರಿಯೋದು. ಆಡುವವನಿಗೆ ತನ್ನ ಕಡೆಯ 26 ಎಲೆಯೂ ಕಾಣುತ್ತೆ. ಮುರಿಯುವವನಿಗೆ ಕಾಣೋದು ತನ್ನ 13, ಎದುರಾಳಿಯ ಡಮ್ಮಿಯ 13. ಜೊತೆಗಾರನ ಕೈಯಲ್ಲೇನಿದೆ ಅಂತ ಗೊತ್ತಿಲ್ಲ, ಕೇಳೋ ಹಾಗೂ ಇಲ್ಲ.

ಈಗ ಒಂದು ಕೈ ನೋಡಿ. ಎದುರಾಳಿ ಮೂರು ನೋಟ್ರಂಪ್ ಕೂಗಿದ್ದಾನೆ, ಅಂದ್ರೆ ತುರುಫು ಇಲ್ಲದೆ 13ರಲ್ಲಿ 9 ಟ್ರಿಕ್ ಗೆಲ್ಲಬೇಕು. ನೀವು ಹಾರ್ಟ್ ಎಕ್ಕದಿಂದ ಒಂದು ಟ್ರಿಕ್ ಗೆದ್ರಿ, ಮುಂದಿನ ಎಲೆ ನಿಮ್ಮದು. ಡಮ್ಮಿಯಲ್ಲಿ ಕ್ಲಬ್ ಸಾಲಾಗಿ ಕೂತಿದೆ. ಎದುರಾಳಿ ಮತ್ತೆ ಒಂದು ಸಲ ಗೆದ್ದರೆ ಅವನ 9 ಪೂರ್ತಿ. ನಿಮಗೆ ಇನ್ನೂ 4 ಟ್ರಿಕ್ ಬೇಕು, ಅದೂ ಈಗಲೇ. ಕೈಯಲ್ಲಿ ಸ್ಪೇಡಿನ ರಾಜ, ಗುಲಾಮ, 10, 2 ಇದೆ.

ಸುರಕ್ಷಿತ ದಾರಿ: ಮತ್ತೆ ಹಾರ್ಟ್ ಹಾಕಿ ಸುಮ್ಮನಿರೋದು. ಎದುರಾಳಿ ತನ್ನ 9 ತಗೊಂಡು ಹೋಗ್ತಾನೆ, ಅಷ್ಟೇ. ಇನ್ನೊಂದು ದಾರಿ: ಸ್ಪೇಡ್ 2 ಹಾಕೋದು. ಜೊತೆಗಾರನ ಹತ್ರ ಸ್ಪೇಡ್ ಎಕ್ಕ ಮತ್ತು ಒಂದೆರಡು ಸಣ್ಣ ಎಲೆ ಇದ್ದು, ಅವನು ಎಕ್ಕದಿಂದ ಗೆದ್ದು ಸ್ಪೇಡನ್ನೇ ತಿರುಗಿ ಹಾಕಿದರೆ, ಎದುರಾಳಿಯ ರಾಣಿ ನಿಮ್ಮ ರಾಜ-ಗುಲಾಮರ ಬಾಯಿಗೆ ಬೀಳುತ್ತೆ. ನಾಲ್ಕು ಟ್ರಿಕ್, ಕೂಗು ಮುರಿಯಿತು. ಆದ್ರೆ ಎಕ್ಕ, ರಾಣಿ ಎರಡೂ ಎದುರಾಳಿ ಕೈಲಿದ್ರೆ ನೀವೇ ಅವನಿಗೆ ಹತ್ತನೇ ಟ್ರಿಕ್ ತಟ್ಟೆಯಲ್ಲಿಟ್ಟು ಕೊಟ್ಟ ಹಾಗೆ.

ಎಕ್ಕ ಜೊತೆಗಾರನ ಹತ್ರ ಇರೋದು ಅನುಮಾನ. ಆದರೂ ಒಳ್ಳೆ ಆಟಗಾರ ಸ್ಪೇಡನ್ನೇ ಹಾಕ್ತಾನೆ. ಯಾಕೆ? ಎಕ್ಕ ಅಲ್ಲಿ ಇಲ್ಲದ ಪ್ರಪಂಚದಲ್ಲಿ ನೀವು ಏನು ಹಾಕಿದ್ರೂ ಎದುರಾಳಿಯ ಕೂಗು ನಿಲ್ಲುತ್ತೆ. ನಿಮ್ಮ ನಿರ್ಧಾರಕ್ಕೆ ತೂಕ ಇರೋದು ಎಕ್ಕ ಅಲ್ಲಿ ಇರೋ ಪ್ರಪಂಚದಲ್ಲಿ. ಹಾಗಾಗಿ ಆ ಪ್ರಪಂಚಕ್ಕೋಸ್ಕರ ಆಡಬೇಕು. ಇದನ್ನ ನಂಬಿಕೆ ಅನ್ನಬೇಡಿ. ಎಕ್ಕ ಇದೆ ಅಂತ ಒಂದು ಕ್ಷಣವೂ ನಂಬದೆ, ಇದ್ದ ಹಾಗೆ ಆಡೋದು.

ಹಾಗಂತ ಯಾವ ಆಸೆಯೂ ನಡೆಯುತ್ತೆ ಅಂತಲ್ಲ. ಇಲ್ಲಿ ಎರಡು ತಡೆ ಇದೆ.

ಮೊದಲನೇದು, ಆಸೆ ಲೆಕ್ಕಕ್ಕೆ ವಿರುದ್ಧ ಇರಬಾರದು. ಎಕ್ಕಕ್ಕೆ 4, ರಾಜನಿಗೆ 3, ರಾಣಿಗೆ 2, ಗುಲಾಮನಿಗೆ 1, ಒಟ್ಟು ಪ್ಯಾಕಿನಲ್ಲಿ 40 ಪಾಯಿಂಟ್. ಎದುರಾಳಿ ತನ್ನ ಕೂಗಿನಲ್ಲೇ 15ರಿಂದ 17 ಇದೆ ಅಂತ ಹೇಳಿದ್ದಾನೆ ಅಂದ್ಕೊಳ್ಳಿ. ಡಮ್ಮಿಯಲ್ಲಿ 10, ನಿಮ್ಮಲ್ಲಿ 9. ಜೊತೆಗಾರನಿಗೆ ಉಳಿದದ್ದು 4ರಿಂದ 6. ಎಕ್ಕ ಇರಬಹುದು. ನಿಮ್ಮಲ್ಲೇ 12 ಇದ್ದಿದ್ರೆ ಅವನಿಗೆ ಉಳಿಯೋದು 1ರಿಂದ 3. ಆಗ ಎಕ್ಕದ ಆಸೆ ಬರೀ ಹಗಲುಗನಸು.

ಎರಡನೇದು ಬೆಲೆ. ಮಾಮೂಲಿ ಲೆಕ್ಕದಲ್ಲಿ ಈ ಕೂಗು ಗೆದ್ದರೆ ಎದುರಾಳಿಗೆ 400, ಒಂದು ಟ್ರಿಕ್‌ನಿಂದ ಮುರಿದ್ರೆ ನಮಗೆ 50. ವ್ಯತ್ಯಾಸ 450. ಹೆಚ್ಚುವರಿ ಟ್ರಿಕ್ ಬಿಟ್ಟುಕೊಟ್ರೆ ಹೋಗೋದು 30. ಅಂದ್ರೆ 16 ಸಲದಲ್ಲಿ ಒಂದೇ ಸಲ ಎಕ್ಕ ಅಲ್ಲಿದ್ರೂ ಲೆಕ್ಕ ಸರಿಹೋಗುತ್ತೆ. ಆದ್ರೆ ಬ್ರಿಜ್‌ನಲ್ಲಿ ಇನ್ನೊಂದು ಪದ್ಧತಿ ಇದೆ: ಇದೇ ಎಲೆಗಳನ್ನ ಹತ್ತಾರು ಟೇಬಲ್‌ಗಳಲ್ಲಿ ಆಡಿಸಿ, ನೀವು ಎಷ್ಟು ಜೋಡಿಗಳಿಗಿಂತ ಮೇಲು ಅಂತ ಮಾತ್ರ ಎಣಿಸೋದು. ಅಲ್ಲಿ 30 ಅಂಕದ ನಷ್ಟವೂ 450ರಷ್ಟೇ ಭಾರ ಆಗಬಹುದು. ಅದೇ ಎಲೆ, ಅದೇ ಸಾಧ್ಯತೆ, ಆದ್ರೆ ಸರಿಯಾದ ಆಟ ಬೇರೆ.

ಆಡುವವನ ಕಥೆ ಪೂರ್ತಿ ಉಲ್ಟಾ. ಕೂಗು ಗೆಲ್ಲೋದು ಬಹುತೇಕ ಖಾತ್ರಿ ಇದ್ದಾಗ ಅವನು ಎಲೆಗಳು ಎಷ್ಟು ಕೆಟ್ಟದಾಗಿ ಹಂಚಿರಬಹುದು ಅಂತ ಯೋಚಿಸಿ, ಅದಕ್ಕೂ ತಡೆಯೋ ಹಾಗೆ ಆಡ್ತಾನೆ. ಸುಮ್ಮನಿದ್ರೆ ಸೋಲುವವನು ಆಸೆ ಪಡಬೇಕು, ಸುಮ್ಮನಿದ್ರೆ ಗೆಲ್ಲುವವನು ಭಯ ಪಡಬೇಕು. ನಾವು ಆಶಾವಾದಿ, ನಿರಾಶಾವಾದಿ ಅನ್ನೋದನ್ನ ಹುಟ್ಟುಗುಣ ಅನ್ನೋ ಹಾಗೆ ಮಾತಾಡ್ತೀವಿ. ಟೇಬಲ್‌ನಲ್ಲಿ ಅದು ನೀವು ಕೂತ ಕುರ್ಚಿಯ ಮೇಲೆ ಹೋಗುತ್ತೆ.

ಇಷ್ಟು ಆಟದ ಮಾತು. ಕಷ್ಟ ಇರೋದು ಆಟದಿಂದ ಆಚೆ.

ನಾನು ಬಿಇ ಎರಡನೇ ವರ್ಷದಲ್ಲಿದ್ದಾಗ ದೊಡ್ಡಪ್ಪನಿಗೆ ಕ್ಯಾನ್ಸರ್ ಅಂತ ಗೊತ್ತಾಯ್ತು. ಡಾಕ್ಟರು ಮುಚ್ಚುಮರೆ ಮಾಡಲಿಲ್ಲ. ಇನ್ನೊಂದು ಸುತ್ತಿನ ಚಿಕಿತ್ಸೆ ಮಾಡಬಹುದು, ಗುಣ ಆಗೋದು ಕಷ್ಟ, ಆದ್ರೆ ಆಗೋದೇ ಇಲ್ಲ ಅನ್ನೋಕೂ ಬರಲ್ಲ ಅಂದ್ರು. ಬ್ರಿಜ್ ಲೆಕ್ಕದಲ್ಲಿ ಎಕ್ಕ ಇರಬಹುದು. ಇದ್ದ ನಾಲ್ಕು ಎಕರೆಯಲ್ಲಿ ಎರಡನ್ನ ಮಾರೋಣ ಅಂತ ಅಣ್ಣಂದಿರು ಹೊರಟ್ರು. ನಮ್ಮಪ್ಪ ನನ್ನ ಫೀಸಿಗೆ ಎತ್ತಿಟ್ಟ ದುಡ್ಡು ಕೊಡ್ತೀನಿ ಅಂದ್ರು. ದೊಡ್ಡಪ್ಪ ಎರಡೂ ಬೇಡ ಅಂದ. "ಹೊಲ ಹೋದ್ರೆ ಮೊಮ್ಮಕ್ಳು ಏನು ತಿಂತಾವ್ರೋ" ಅನ್ನೋದು ಅವನ ಒಂದೇ ಮಾತು. ಆಮೇಲೆ ಊರವರು ಅಣ್ಣಂದಿರನ್ನ ಆಡ್ಕೊಂಡ್ರು: ಅಪ್ಪನಿಗಿಂತ ಹೊಲ ದೊಡ್ಡದಾಯ್ತು ಅಂತ.

ಊರವರು ನೋಡಿದ್ದು ಸಾಧ್ಯತೆ ಮಾತ್ರ. ದೊಡ್ಡಪ್ಪ ನೋಡಿದ್ದು ಬೆಲೆಯನ್ನ, ಅದನ್ನ ತೆರುವವರು ಯಾರು ಅನ್ನೋದನ್ನ. ತಿಂಗಳ ಸಂಬಳ, ಇನ್ಶೂರೆನ್ಸ್ ಎರಡೂ ಇರೋ ಇವತ್ತಿನ ನನ್ನ ಮನೆಯಲ್ಲಿ ಅದೇ ಪ್ರಶ್ನೆ ಬಂದ್ರೆ ಚಿಕಿತ್ಸೆಯೇ ಸರಿ. ಅವತ್ತು ಆ ಮನೆಯಲ್ಲಿ ಬೇಡ ಅಂದದ್ದೂ ಸರಿ. ಎರಡೂ ಹೇಗೆ ಸರಿ ಅಂದ್ರೆ, ಆ ಎರಡು ಮನೆಯ ಸ್ಕೋರ್ ಶೀಟ್ ಒಂದೇ ಅಲ್ಲ. ಬ್ರಿಜ್‌ಗೆ 1925ರಲ್ಲಿ ಹೆರಾಲ್ಡ್ ವ್ಯಾಂಡರ್‌ಬಿಲ್ಟ್ ಅನ್ನೋ ಅಮೆರಿಕದ ಶ್ರೀಮಂತ ಹಡಗಿನಲ್ಲಿ ಕೂತು ಅಂಕದ ಪಟ್ಟಿ ಬರೆದುಕೊಟ್ಟ. ಬದುಕಿಗೆ ಅಂಥ ಪಟ್ಟಿ ಇಲ್ಲ. ಎರಡು ಎಕರೆಗೆ ಎಷ್ಟು ಅಂಕ, ಒಂದು ವರ್ಷದ ಉಸಿರಿಗೆ ಎಷ್ಟು ಅಂಕ ಅಂತ ಆ ಮನೆಯವರೇ ಬರೆದುಕೊಳ್ಳಬೇಕು. ಹೊರಗಿನವರಿಗೆ ಆ ಹಾಳೆ ಕಾಣಲ್ಲ.

ಟೇಬಲ್‌ನಲ್ಲಿ ಇನ್ನೊಂದು ಅನುಕೂಲ ಇದೆ. ಸ್ಪೇಡ್ 2 ಹಾಕಿ ಕೈಸುಟ್ಟುಕೊಂಡರೆ ಆ 30 ನನಗೂ ಹೋಯ್ತು, ಜೊತೆಗಾರನಿಗೂ ಹೋಯ್ತು. ಆಸೆ ಪಟ್ಟವನೇ ಬೆಲೆ ತೆತ್ತ. ಆಫೀಸಿನಲ್ಲಿ ಹಾಗಿಲ್ಲ. "ಎಲ್ಲಾ ಸರಿಹೋಗುತ್ತೆ ಅಂದ್ಕೊಂಡು ಶುಕ್ರವಾರ ರಿಲೀಸ್ ಮಾಡೋಣ" ಅನ್ನೋರು ಒಬ್ಬರು, ಶನಿವಾರ ರಾತ್ರಿ ಎದ್ದು ಲಾಗ್ ನೋಡೋರು ಇನ್ನೊಬ್ಬರು. ಕ್ಲೈಂಟ್‌ಗೆ ಕೊಟ್ಟ ಮಾತು ಮುರಿಯೋ ಹಾಗಿದ್ರೆ ಆ ಆಸೆಯೂ ನ್ಯಾಯವೇ ಇರಬಹುದು, ಲೆಕ್ಕವೂ ಕೂಡಿಬರಬಹುದು. ಆದರೂ ಅಂಥ ಮೀಟಿಂಗ್‌ನಲ್ಲಿ ನಾನು ಈಗ ಒಂದು ಪ್ರಶ್ನೆ ತಪ್ಪದೆ ಕೇಳ್ತೀನಿ: ಎಕ್ಕ ಅಲ್ಲಿ ಇಲ್ಲದಿದ್ರೆ ಆ 30 ಯಾರ ಲೆಕ್ಕಕ್ಕೆ? ಹೆಚ್ಚಿನ ಸಲ ಆ ಹೆಸರಿನವರು ಮೀಟಿಂಗ್‌ಗೆ ಬಂದೇ ಇರಲ್ಲ.